ಮನವಿ ಓದುವವರು ಮಂತ್ರಿಗಳಲ್ಲ, ವಿಷಯ ನಿರ್ವಾಹಕರು

ಹಾಸನದ ಜಿಲ್ಲಾಧಿಕಾರಿ ಕಚೇರಿ ಎದುರೋ ಚಿಕ್ಕಮಗಳೂರಿನ ಆಜಾದ್ ಪಾರ್ಕ್ ವೃತ್ತದಲ್ಲೋ ಧರಣಿ ಮುಗಿಯುವ ಹೊತ್ತಿಗೆ ಅಧಿಕಾರಿಯೊಬ್ಬರು ಬಂದು ಮನವಿ ಪತ್ರ ಸ್ವೀಕರಿಸುತ್ತಾರೆ. ಫೋಟೊ ಆಗುತ್ತದೆ, ಜನ ಬಸ್ ಹತ್ತುತ್ತಾರೆ. ಆ ಕಾಗದ ಆಮೇಲೆ ಏನಾಯಿತು ಎಂದು ಎರಡು ತಿಂಗಳು ಬಿಟ್ಟು ಕೇಳಿದರೆ ಹೆಚ್ಚಿನವರ ಹತ್ತಿರ ಉತ್ತರ ಇರುವುದಿಲ್ಲ. ಅಷ್ಟು ಜನ ಕೂಲಿ ಬಿಟ್ಟು, ತೋಟದ ಕೆಲಸ ಬಿಟ್ಟು ಬಂದದ್ದಕ್ಕೆ ಫಲ ಸಿಗಬೇಕು ಎನ್ನುವುದಾದರೆ ಕಾಗದದ ಮುಂದಿನ ದಾರಿ ನಮಗೆ ಗೊತ್ತಿರಬೇಕು.

ಕಚೇರಿಗೆ ಬಂದ ಮನವಿ ಮೊದಲು ಟಪಾಲು ಶಾಖೆಗೆ ಹೋಗುತ್ತದೆ. ಅಲ್ಲಿ ದಿನಾಂಕದ ಮೊಹರು ಬೀಳುತ್ತದೆ, ಸ್ವೀಕೃತಿ ಸಂಖ್ಯೆ ಸಿಗುತ್ತದೆ, ಕಂಪ್ಯೂಟರಿನಲ್ಲೇ ಕಡತ ನಡೆಸುವ ಇ-ಆಫೀಸ್ ಇರುವ ಕಡೆ ಸ್ಕ್ಯಾನ್ ಆಗುತ್ತದೆ. ಅಲ್ಲಿಂದ ಸಂಬಂಧಪಟ್ಟ ಶಾಖೆಯ ವಿಷಯ ನಿರ್ವಾಹಕರಿಗೆ, ಅಂದರೆ ಆ ವಿಷಯದ ಕಡತ ನೋಡಿಕೊಳ್ಳುವ ಸಿಬ್ಬಂದಿಗೆ. ಅವರು ಓದಿ ಟಿಪ್ಪಣಿ ಬರೆಯುತ್ತಾರೆ. ಮೇಲಿನ ಅಧಿಕಾರಿ ನೋಡುವುದು ಬಹುಪಾಲು ಆ ಟಿಪ್ಪಣಿಯನ್ನೇ, ನಿಮ್ಮ ಮೂರು ಪುಟದ ಕಾಗದವನ್ನಲ್ಲ. ಬೆಂಗಳೂರಿನ ಸಚಿವಾಲಯದಲ್ಲೂ ಕ್ರಮ ಇದೇ: ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ, ಆಮೇಲೆ ಕಾರ್ಯದರ್ಶಿ. ಸಚಿವರೇ ಮನವಿಯ ಮೂಲೆಯಲ್ಲಿ 'ಪರಿಶೀಲಿಸಿ ಮಂಡಿಸಿ' ಎಂದು ಷರಾ ಬರೆದು ಕೊಟ್ಟರೂ ಮಂಡಿಸುವ ಕೆಲಸ ಶುರುವಾಗುವುದು ವಿಷಯ ನಿರ್ವಾಹಕರ ಮೇಜಿನಿಂದ.

ಆ ಮೇಜಿನ ಮೇಲೆ ಪ್ರತಿ ಕಾಗದಕ್ಕೂ ನಾಲ್ಕು ಪ್ರಶ್ನೆ ಕಾದಿರುತ್ತವೆ. ಏನು ಕೇಳಿದ್ದಾರೆ? ಯಾವ ಕಾಯ್ದೆ, ನಿಯಮ ಅಥವಾ ಆದೇಶದಡಿ? ಅದನ್ನು ಕೊಡುವ ಅಧಿಕಾರ ಯಾರಿಗಿದೆ? ಹಣ ಬೇಕೆ, ಬೇಕಾದರೆ ಯಾವ ಲೆಕ್ಕದಿಂದ? ಈ ನಾಲ್ಕಕ್ಕೂ ಮನವಿಯಲ್ಲೇ ಉತ್ತರ ಇದ್ದರೆ ನಿಮ್ಮ ವಾಕ್ಯಗಳೇ ಟಿಪ್ಪಣಿಗೆ ಇಳಿಯುತ್ತವೆ. ಇಲ್ಲದಿದ್ದರೆ ವಿಷಯ ನಿರ್ವಾಹಕರಿಗೆ ಸುಲಭವಾದ ದಾರಿ ಒಂದೇ: 'ಮುಂದಿನ ಸೂಕ್ತ ಕ್ರಮಕ್ಕಾಗಿ ರವಾನಿಸಿದೆ' ಎಂದು ಬರೆದು ಇನ್ನೊಂದು ಕಚೇರಿಗೆ ಕಳಿಸುವುದು.

ನೀತಿ ಬದಲಾವಣೆ ಕೇಳುವ ಮನವಿಗಳು ಸಾಯುವುದು ಹೆಚ್ಚಾಗಿ ಈ ರವಾನೆಯಲ್ಲೇ. ಮುಖ್ಯಮಂತ್ರಿಗೆ ಬರೆದದ್ದು ಇಲಾಖೆಗೆ, ಇಲಾಖೆಯಿಂದ ಜಿಲ್ಲಾಧಿಕಾರಿಗೆ, ಅಲ್ಲಿಂದ ಉಪವಿಭಾಗಾಧಿಕಾರಿಗೆ, ತಹಶೀಲ್ದಾರರಿಗೆ, ಕೊನೆಗೆ ಹೋಬಳಿಯ ಕಂದಾಯ ನಿರೀಕ್ಷಕರಿಗೆ ಇಳಿದು ಬರುತ್ತದೆ. ರಾಜ್ಯ ಮಟ್ಟದ ಪರಿಹಾರದ ದರ ಹೆಚ್ಚಿಸಿ ಎಂದು ಕೇಳಿದ ಕಾಗದಕ್ಕೆ ಹೋಬಳಿಯವರು ಏನು ವರದಿ ಬರೆಯಲು ಸಾಧ್ಯ? 'ಅರ್ಜಿದಾರರಿಗೆ ಸೂಕ್ತ ತಿಳುವಳಿಕೆ ನೀಡಲಾಗಿದೆ' ಎಂದು ಬರೆಯುತ್ತಾರೆ. ಕಡತ ವಿಲೇ ಆಗುತ್ತದೆ. ಇದನ್ನು ತಡೆಯಲು ಮನವಿಯ ಮೊದಲ ಪ್ಯಾರಾದಲ್ಲೇ ಒಂದು ವಾಕ್ಯ ಸೇರಿಸಿ: 'ಈ ಕೋರಿಕೆಯು ಸರ್ಕಾರದ ಹಂತದಲ್ಲಿ ತೀರ್ಮಾನವಾಗಬೇಕಾದದ್ದು, ಜಿಲ್ಲಾ ಅಥವಾ ತಾಲ್ಲೂಕು ಹಂತದಲ್ಲಿ ಇತ್ಯರ್ಥಪಡಿಸಲು ಅವಕಾಶವಿರುವುದಿಲ್ಲ.' ಈ ಒಂದು ಸಾಲು ಕಡತವನ್ನು ಕೆಳಗಿಳಿಸುವ ಕೈಯನ್ನು ತಡೆಯುತ್ತದೆ.

ಒಂದು ಕಷ್ಟ, ಐದು ಕಚೇರಿ

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಹೆಚ್ಚು ಬರೆಯುವ ಮನವಿ ಕಾಡಾನೆಯದು. 'ಕಾಡಾನೆ ಹಾವಳಿಗೆ ಶಾಶ್ವತ ಪರಿಹಾರ ಕೋರಿ' ಎಂಬ ವಿಷಯದ ಸಾಲು ಹಾಕಿ, ಕೆಳಗೆ ಹತ್ತು ಹನ್ನೆರಡು ಬೇಡಿಕೆ ಬರೆದು, ಅರಣ್ಯ ಸಚಿವರಿಗೆ ಕೊಡುತ್ತಾರೆ. ನೋವು ನಿಜ, ಬೇಡಿಕೆಗಳೂ ನ್ಯಾಯವಾದವು. ಆದರೆ ಅದರೊಳಗಿನ ಒಂದೊಂದು ಬೇಡಿಕೆಗೂ ಒಬ್ಬೊಬ್ಬ ಯಜಮಾನ ಇದ್ದಾನೆ.

ಬೆಳಗಿನ ಜಾವ ಮಕ್ಕಳು ತೋಟದ ದಾರಿಯಲ್ಲಿ ನಡೆದು ಬರುವುದನ್ನು ತಪ್ಪಿಸಲು ಬಸ್ಸಿನ ಸಮಯ ಬದಲಾಗಬೇಕು. ಅದು ಕೆಎಸ್‌ಆರ್‌ಟಿಸಿ ಹಾಸನ ಅಥವಾ ಚಿಕ್ಕಮಗಳೂರು ವಿಭಾಗದ ವಿಭಾಗೀಯ ನಿಯಂತ್ರಣಾಧಿಕಾರಿಯ ಕೈಯಲ್ಲಿದೆ. ಸಚಿವರವರೆಗೆ ಹೋಗುವ ಅಗತ್ಯವೇ ಇಲ್ಲ. ಈ ಮನವಿಗೆ ಬೇಕಾದದ್ದು ಭಾಷಣವಲ್ಲ, ಒಂದು ಪಟ್ಟಿ: ಶಾಲೆ ಕಾಲೇಜುಗಳ ಆರಂಭದ ಸಮಯ, ಈಗ ಬರುವ ಬಸ್ಸಿನ ಸಮಯ ಮತ್ತು ಮಾರ್ಗ, ಪ್ರತಿ ನಿಲ್ದಾಣದಲ್ಲಿ ಹತ್ತುವ ಮಕ್ಕಳ ಸಂಖ್ಯೆ, ಅವರಲ್ಲಿ ಎಷ್ಟು ಮಂದಿಗೆ ಪಾಸ್ ಇದೆ, ಮುಖ್ಯೋಪಾಧ್ಯಾಯರ ದೃಢೀಕರಣ. ಬಸ್ ಸಮಯ ಸರಿಹೋಗದಿದ್ದರೆ ಶಾಲೆಯ ಸಮಯ ಬದಲಿಸಲು ಕೇಳುವುದು ಬೇರೆ ಅರ್ಜಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೂಲಕ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ.

ಊರಿನ ತಿರುವಿನಲ್ಲಿ ಬೀದಿದೀಪ ಗ್ರಾಮ ಪಂಚಾಯಿತಿಯದು. ಜೋತುಬಿದ್ದ ವಿದ್ಯುತ್ ತಂತಿ ಎತ್ತರಿಸುವುದು ವಿದ್ಯುತ್ ಕಂಪನಿಯದು. ಇಲ್ಲಿ ಗಡಿಭಾಗದವರು ಎಡವುತ್ತಾರೆ: ಹಾಸನ ಜಿಲ್ಲೆ ಮೈಸೂರಿನ ಸೆಸ್ಕ್ ವ್ಯಾಪ್ತಿ, ಚಿಕ್ಕಮಗಳೂರು ಜಿಲ್ಲೆ ಮಂಗಳೂರಿನ ಮೆಸ್ಕಾಂ ವ್ಯಾಪ್ತಿ. ಬೇಲೂರಿನ ಅಂಚಿನ ಊರಿನವರೂ ಮೂಡಿಗೆರೆಯ ಅಂಚಿನವರೂ ಒಂದೇ ಮನವಿಗೆ ಸಹಿ ಹಾಕಿ ಒಂದೇ ಕಂಪನಿಗೆ ಕೊಟ್ಟರೆ ಅರ್ಧ ಊರಿನ ಕೆಲಸ ಅಲ್ಲೇ ನಿಲ್ಲುತ್ತದೆ.

ಆನೆಗಳ ಚಲನವಲನದ ಮುನ್ನೆಚ್ಚರಿಕೆ, ಗಸ್ತು, ಆನೆ ಕಾರ್ಯಪಡೆಯ ಸಿಬ್ಬಂದಿ ನಿಯೋಜನೆ ಇವು ಉಪ ಅರಣ್ಯ ಸಂರಕ್ಷಣಾಧಿಕಾರಿಯ ಹಂತದಲ್ಲಿ ಆಗುವ ಕೆಲಸ. ಬೆಳೆ ನಷ್ಟದ ಪರಿಹಾರದ ದರ ಹಾಗಲ್ಲ. ಅದು ಸರ್ಕಾರಿ ಆದೇಶದಲ್ಲಿ ಗಿಡಕ್ಕಿಷ್ಟು, ಕ್ವಿಂಟಲ್‌ಗಿಷ್ಟು ಎಂದು ನಿಗದಿಯಾಗಿರುತ್ತದೆ. ವಲಯ ಅರಣ್ಯಾಧಿಕಾರಿಯನ್ನು ಘೇರಾವ್ ಮಾಡಿದರೂ ಅವರು ಒಂದು ರೂಪಾಯಿ ಹೆಚ್ಚು ಬರೆಯಲಾರರು. ಅದಕ್ಕೆ ಅರಣ್ಯ, ಪರಿಸರ ಮತ್ತು ಜೀವಿಶಾಸ್ತ್ರ ಇಲಾಖೆಯ ಪ್ರಧಾನ ಕಾರ್ಯದರ್ಶಿಯವರಿಗೆ ಬರೆಯಬೇಕು, ಪ್ರತಿಯನ್ನು ಮಲ್ಲೇಶ್ವರದ ಅರಣ್ಯ ಭವನಕ್ಕೆ ಕೊಡಬೇಕು. ದರ ಪರಿಷ್ಕರಣೆಯ ಪ್ರಸ್ತಾವ ಆರ್ಥಿಕ ಇಲಾಖೆಯ ಸಹಮತಿಗೆ ಹೋಗುತ್ತದೆ. ಅಲ್ಲಿ ಕೇಳುವುದು ಲೆಕ್ಕ: ಈಗಿನ ದರ ಯಾವ ಆದೇಶದ್ದು, ಅದರ ದಿನಾಂಕವೇನು, ಅಂದಿನಿಂದ ಇಂದಿಗೆ ಗಿಡದ ಬೆಲೆ ಮತ್ತು ಕೂಲಿ ಎಷ್ಟು ಏರಿದೆ, ಕಾಫಿ ಗಿಡ ನೆಟ್ಟು ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕಾದರೆ ಆ ವರ್ಷಗಳ ನಷ್ಟ ಎಣಿಕೆಗೆ ಬಂದಿದೆಯೆ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಚಿಕ್ಕಮಗಳೂರು ಜಿಲ್ಲೆಯಲ್ಲೇ ಇದೆ. ಬೆಳೆಗಾರರ ಅಂದಾಜಿಗಿಂತ ಅಂಥ ಸಂಸ್ಥೆಯಿಂದ ಲಿಖಿತವಾಗಿ ಪಡೆದ ಸಾಗುವಳಿ ವೆಚ್ಚದ ಲೆಕ್ಕಕ್ಕೆ ಆರ್ಥಿಕ ಇಲಾಖೆಯಲ್ಲಿ ಬೆಲೆ ಹೆಚ್ಚು. ಅದನ್ನು ಅಡಕದಲ್ಲಿ ಸೇರಿಸಿ.

ಹೀಗೆ ಒಂದು ಕಷ್ಟಕ್ಕೆ ಐದಾರು ಪ್ರತ್ಯೇಕ ಮನವಿ ಬೇಕಾಗುತ್ತದೆ. ಕೆಲಸ ಹೆಚ್ಚು, ನಿಜ. ಆದರೆ ಬಸ್ಸಿನ ಸಮಯ ಕೆಲವೇ ವಾರಗಳಲ್ಲಿ ಬದಲಾಗಬಹುದು. ದರದ ಆದೇಶಕ್ಕೆ ಒಂದು ಬಜೆಟ್ ಕಾಯಬೇಕಾಗಬಹುದು. ಎರಡನ್ನೂ ಒಂದೇ ಹಾಳೆಗೆ ಕಟ್ಟಿದರೆ ಬಸ್ಸೂ ಬಜೆಟ್‌ಗಾಗಿ ಕಾಯುತ್ತದೆ.

ಮದ್ಯದಂಗಡಿ ಬೇಡ ಎನ್ನುವ ಮನವಿಯೂ ಇಂಥದ್ದೇ. 'ಯುವಕರು ಹಾಳಾಗುತ್ತಿದ್ದಾರೆ' ಎಂಬ ಮಾತು ಸತ್ಯವಿದ್ದರೂ ಅದರ ಮೇಲೆ ಸನ್ನದು (ಅಂಗಡಿಯ ಪರವಾನಗಿ) ರದ್ದಾಗುವುದಿಲ್ಲ. 1967ರ ಅಬಕಾರಿ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮಗಳ 5ನೇ ನಿಯಮ ಶಾಲೆ, ಆಸ್ಪತ್ರೆ, ದೇವಸ್ಥಾನ ಮುಂತಾದವುಗಳಿಂದ 100 ಮೀಟರ್ ಒಳಗೆ ಅಂಗಡಿ ಇರಬಾರದು ಎನ್ನುತ್ತದೆ. ಅಳತೆ ಮೊಬೈಲ್ ನಕ್ಷೆಯ ನೇರ ಗೆರೆಯದಲ್ಲ. ಜನ ಸಾಮಾನ್ಯವಾಗಿ ನಡೆದು ಹೋಗುವ ಹತ್ತಿರದ ದಾರಿಯದು. ಬಾಗಿಲಿನಿಂದ ಬಾಗಿಲಿಗೆ ಟೇಪು ಹಿಡಿದು ಅಳೆದು, ಕೈನಕ್ಷೆ ಬರೆದು, ಫೋಟೊ ಸಮೇತ ಕೊಟ್ಟ ಒಂದು ಪುಟಕ್ಕೆ ಅಬಕಾರಿ ಇಲಾಖೆ ಸ್ಥಳ ತನಿಖೆ ಮಾಡಿಸಲೇಬೇಕಾಗುತ್ತದೆ.

ಬರೆಯುವ ಕ್ರಮ

ಎ4 ಹಾಳೆಯಲ್ಲಿ ಎರಡು ಪುಟ ಮೀರಬಾರದು. ಮೇಲೆ 'ಗೆ' ಎಂದು ಹುದ್ದೆಯ ಹೆಸರು ಬರೆಯಿರಿ, ವ್ಯಕ್ತಿಯ ಹೆಸರು ಬೇಡ; ಅಧಿಕಾರಿ ವರ್ಗವಾದರೂ ಕಾಗದ ಉಳಿಯಬೇಕು. ವಿಷಯದ ಸಾಲಿನಲ್ಲಿ ಕೋರಿಕೆಯೇ ಇರಲಿ. 'ಸಮಸ್ಯೆ ಬಗೆಹರಿಸುವ ಕುರಿತು' ಎಂದರೆ ಏನೂ ಹೇಳಿದಂತಾಗಲಿಲ್ಲ. 'ಇಂಥ ಊರಿನ ಮಾರ್ಗದ ಬೆಳಗಿನ 8.15ರ ಬಸ್ಸನ್ನು 7.30ಕ್ಕೆ ಓಡಿಸುವ ಕುರಿತು' ಎಂದರೆ ಆ ಒಂದು ಸಾಲಿನಲ್ಲೇ ಕಡತಕ್ಕೆ ಹೆಸರು ಸಿಕ್ಕಿತು.

ಉಲ್ಲೇಖದಲ್ಲಿ ಕಾಯ್ದೆ, ಸುತ್ತೋಲೆ, ಸರ್ಕಾರಿ ಆದೇಶದ ಸಂಖ್ಯೆ ಮತ್ತು ದಿನಾಂಕ, ಹಿಂದೆ ಕೊಟ್ಟ ಮನವಿಗಳ ಸ್ವೀಕೃತಿ ಸಂಖ್ಯೆ. ಸಂಖ್ಯೆ ತಪ್ಪಾದರೆ ಕಡತ ಹುಡುಕುವವರು ಅಲ್ಲೇ ಕೈಚೆಲ್ಲುತ್ತಾರೆ, ಆದ್ದರಿಂದ ಆದೇಶದ ಪ್ರತಿಯನ್ನು ಕಣ್ಣಾರೆ ನೋಡದೆ ಸಂಖ್ಯೆ ಬರೆಯಬೇಡಿ. ಒಳಗಿನ ಪ್ಯಾರಾಗಳಿಗೆ ಅಂಕೆ ಹಾಕಿ. ಮೊದಲು ಈಗಿನ ಸ್ಥಿತಿ, ಆಮೇಲೆ ಅದರಿಂದ ಯಾರಿಗೆ ಎಷ್ಟು ತೊಂದರೆ, ಆಮೇಲೆ ನಿಯಮ ಏನು ಹೇಳುತ್ತದೆ, ಕೊನೆಗೆ ಕೋರಿಕೆ. ನಿಯಮ ಅಡ್ಡ ಬರುತ್ತಿದ್ದರೆ ಅದರ ಯಾವ ಪದ ಹೋಗಬೇಕು, ಅಲ್ಲಿ ಯಾವ ಪದ ಬರಬೇಕು ಎಂದು ನೀವೇ ಕರಡು ಬರೆದು ಕೊಡಿ. ತಿದ್ದುಪಡಿ ಕೇಳುವ ಮನವಿಗಳಲ್ಲಿ ಇದನ್ನು ಮಾಡುವವರು ಕಡಿಮೆ, ಮಾಡಿದವರ ಕಾಗದಕ್ಕೆ ಸಿಗುವ ಗಮನವೇ ಬೇರೆ.

'ಪ್ರತಿ' ಎಂದು ಹದಿನೈದು ಮಂದಿಯ ಹೆಸರು ಹಾಕುವ ಅಭ್ಯಾಸ ಬಿಡಬೇಕು. ಎಲ್ಲರಿಗೂ ಹೋದ ಕಾಗದವನ್ನು ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂದು ಪ್ರತಿಯೊಬ್ಬರೂ ಪಕ್ಕಕ್ಕಿಡುತ್ತಾರೆ. ತೀರ್ಮಾನಿಸುವವರು ಒಬ್ಬರು, ಅವರ ಮೇಲಿನವರು ಒಬ್ಬರು, ಕ್ಷೇತ್ರದ ಶಾಸಕರು, ಇಷ್ಟು ಸಾಕು.

ಸಹಿ ಸಂಗ್ರಹದಲ್ಲಿ ದೊಡ್ಡ ತಪ್ಪು ಖಾಲಿ ಹಾಳೆಯಲ್ಲಿ ಸಹಿ ತೆಗೆದುಕೊಳ್ಳುವುದು. ಪ್ರತಿ ಹಾಳೆಯ ನೆತ್ತಿಯಲ್ಲೂ ಕೋರಿಕೆಯ ಎರಡು ಸಾಲು ಅಚ್ಚಾಗಿರಬೇಕು, ಇಲ್ಲವಾದರೆ ಆ ಸಹಿ ಯಾವುದಕ್ಕೆ ಹಾಕಿದ್ದು ಎನ್ನುವುದಕ್ಕೆ ಪುರಾವೆ ಇರುವುದಿಲ್ಲ. ಪುಟಕ್ಕೆ 20 ಸಾಲು. ಕ್ರಮಸಂಖ್ಯೆ, ಹೆಸರು, ಊರು, ಸಹಿ, ದಿನಾಂಕ. ಕ್ರಮಸಂಖ್ಯೆ ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಸಾಲಾಗಿ ಹೋಗಲಿ. ಹೆಬ್ಬೆಟ್ಟಿನ ಪಕ್ಕ ಹೆಸರು ಬರೆದವರ ಸಹಿಯೂ ಇರಲಿ. ಆಧಾರ್ ಸಂಖ್ಯೆ ಬರೆಸಿಕೊಳ್ಳಬೇಡಿ. ಮನವಿಗೆ ಅದು ಬೇಕಿಲ್ಲ, ಹತ್ತು ಕೈ ದಾಟುವ ಹಾಳೆಯಲ್ಲಿ ಅದು ಇರುವುದು ಅಪಾಯ. ಒಬ್ಬರೇ ಮನೆಮಂದಿಯದನ್ನೆಲ್ಲ ಒಂದೇ ಕೈಬರಹದಲ್ಲಿ ಹಾಕಿದ ಒಂದು ಪುಟ ಸಿಕ್ಕರೆ ಉಳಿದ ಎಲ್ಲ ಪುಟಗಳ ಮೇಲೂ ಅನುಮಾನ ಬರುತ್ತದೆ. ಮೂಲ ಸಹಿಗಳು ತೀರ್ಮಾನಿಸುವ ಅಧಿಕಾರಿಗೆ, ಉಳಿದವರಿಗೆ ಜೆರಾಕ್ಸ್, ನಿಮ್ಮ ಹತ್ತಿರ ಪೂರ್ತಿ ಸ್ಕ್ಯಾನ್. ಆನ್‌ಲೈನ್ ಸಹಿ ಅಭಿಯಾನಗಳು ಸುದ್ದಿಗೆ ಒಳ್ಳೆಯವು, ಕಡತದಲ್ಲಿ ಅವಕ್ಕೆ ತೂಕ ಕಡಿಮೆ.

ಇನ್ನೊಂದು ಮಾತು. ಮನವಿ ಕನ್ನಡದಲ್ಲೇ ಇರಲಿ, ದೆಹಲಿಗೆ ಬರೆಯುವಾಗಲೂ. ಸಂವಿಧಾನದ 350ನೇ ವಿಧಿ ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಇಂಗ್ಲಿಷ್ ಬರುವುದಿಲ್ಲ ಎಂಬ ಕಾರಣಕ್ಕೆ ಹಳ್ಳಿಯ ಹೆಣ್ಣುಮಕ್ಕಳು ಹಿಂದೆ ಸರಿಯಬೇಕಾಗಿಲ್ಲ. ಬೇಗ ಕೆಲಸ ಆಗಲಿ ಎಂದಾದರೆ ಅನುವಾದದ ಒಂದು ಪ್ರತಿ ಜೊತೆಗಿಡಿ, ಅಷ್ಟೆ.

ಕೊಟ್ಟ ಮೇಲೆ

ಧರಣಿಯಲ್ಲಿ ಅಧಿಕಾರಿಗೆ ಕೊಟ್ಟ ಪ್ರತಿಯನ್ನು ನಂಬಿ ಕೂರಬೇಡಿ. ಅದೇ ದಿನ ಇನ್ನೊಂದು ಪ್ರತಿಯನ್ನು ಟಪಾಲು ಶಾಖೆಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಬೆಂಗಳೂರಿಗಾದರೆ ಸ್ಪೀಡ್ ಪೋಸ್ಟ್. ತಲುಪಿದ ದಿನದ ಟ್ರ್ಯಾಕಿಂಗ್ ಪುಟವನ್ನು ಆಗಲೇ ಮುದ್ರಿಸಿಟ್ಟುಕೊಳ್ಳಿ. ರಾಜ್ಯ ಸರ್ಕಾರದ ಜನಸ್ಪಂದನ ವ್ಯವಸ್ಥೆಯ 1902 ಸಹಾಯವಾಣಿಯಲ್ಲೂ ದಾಖಲಿಸಬಹುದು. ಕೇಂದ್ರದ ವಿಷಯವಾದರೆ ಸಿಪಿಗ್ರಾಮ್ಸ್ ಎಂಬ ಕುಂದುಕೊರತೆ ಪೋರ್ಟಲ್ ಇದೆ, ಅಲ್ಲಿ 2024ರ ಮಾರ್ಗಸೂಚಿಯಂತೆ ವಿಲೇವಾರಿಯ ಗುರಿ 21 ದಿನ. ಆದರೆ ಈ ಪೋರ್ಟಲ್‌ಗಳು ಕೊಳವೆ ಒಡೆದದ್ದು, ಪಿಂಚಣಿ ನಿಂತದ್ದು ಮುಂತಾದ ಕುಂದುಕೊರತೆಗೆ ಹೊಂದುತ್ತವೆ. ನೀತಿಯ ಮನವಿಯನ್ನು ಬರೀ ಅಲ್ಲಿ ಹಾಕಿದರೆ 'ನೀತಿಗೆ ಸಂಬಂಧಿಸಿದ್ದು, ಸಲಹೆಯನ್ನು ಗಮನಿಸಲಾಗಿದೆ' ಎಂದು ಮುಚ್ಚುತ್ತಾರೆ. ಇನ್ನು ಜಾತಿ ಪ್ರಮಾಣಪತ್ರ, ಖಾತೆ ತರಹದ ಸೇವೆಗೆ ಮನವಿಯೇ ಬೇಡ. ನಿಗದಿತ ದಿನದೊಳಗೆ ಸೇವೆ ಕೊಡುವ ರಾಜ್ಯದ 'ಸಕಾಲ' ವ್ಯವಸ್ಥೆಯಲ್ಲಿ ಅರ್ಜಿ ಹಾಕಿ 15 ಅಂಕಿಯ ಸ್ವೀಕೃತಿ (ಜಿಎಸ್‌ಸಿ) ಸಂಖ್ಯೆ ಪಡೆಯಿರಿ, ತಡವಾದರೆ ದಿನಕ್ಕೆ ₹20ರಂತೆ ₹500ರವರೆಗೆ ಪರಿಹಾರ ಕೇಳುವ ಹಕ್ಕು ಅಲ್ಲಿದೆ.

30 ದಿನ ಕಾದು ಒಂದು ನೆನಪೋಲೆ ಕಳಿಸಿ. ಅದಕ್ಕೂ ಉತ್ತರ ಇಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಇಲ್ಲಿ ಪ್ರಶ್ನೆ ಕೇಳುವ ರೀತಿಯಲ್ಲೇ ಎಲ್ಲ ಇದೆ. 'ನಮ್ಮ ಮನವಿ ಮೇಲೆ ಯಾಕೆ ಕ್ರಮ ಕೈಗೊಂಡಿಲ್ಲ?' ಎಂದು ಕೇಳಿದರೆ, ಅದು ದಾಖಲೆಯಲ್ಲಿ ಇರುವ ಮಾಹಿತಿಯಲ್ಲ ಎಂದು ಕೈತೊಳೆದುಕೊಳ್ಳುತ್ತಾರೆ. ಹೀಗೆ ಕೇಳಿ: 'ಇಂಥ ದಿನಾಂಕದ, ಇಂಥ ಸ್ವೀಕೃತಿ ಸಂಖ್ಯೆಯ ಮನವಿಗೆ ಸಂಬಂಧಿಸಿದ ಕಡತದ ಸಂಖ್ಯೆ, ಆ ಕಡತದ ಟಿಪ್ಪಣಿ ಹಾಳೆಗಳು ಹಾಗೂ ಪತ್ರ ವ್ಯವಹಾರದ ದೃಢೀಕೃತ ಪ್ರತಿಗಳನ್ನು ನೀಡಿ.' ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ; ಶುಲ್ಕ ₹10, ಪ್ರತಿ ಎ4 ಪುಟಕ್ಕೆ ₹2. ಬಿಪಿಎಲ್ ಕುಟುಂಬದವರಿಗೆ ಶುಲ್ಕ ಇಲ್ಲ. ತಪ್ಪು ಕಚೇರಿಗೆ ಹಾಕಿದ್ದರೆ 5 ದಿನದೊಳಗೆ ಸರಿಯಾದ ಕಚೇರಿಗೆ ಅವರೇ ವರ್ಗಾಯಿಸಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ನಂತರದ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಮೇಲ್ಮನವಿಯ ದಿನಾಂಕ ದಾಟಿಸಿ ಹಕ್ಕು ಕಳೆದುಕೊಳ್ಳುವವರು ಬಹಳ. ಅರ್ಜಿ ಹಾಕಿದ ದಿನವೇ ಮೂರೂ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ.

ಟಿಪ್ಪಣಿ ಹಾಳೆ ಕೈಗೆ ಬಂದಾಗ ಮನವಿ ಎಲ್ಲಿ ನಿಂತಿದೆ ಎಂಬುದು ಮೊದಲ ಬಾರಿಗೆ ಗೊತ್ತಾಗುತ್ತದೆ. ಎಷ್ಟೋ ಸಲ ಅಡ್ಡಿ ಸಣ್ಣದಿರುತ್ತದೆ: ಒಂದು ವರದಿ ಬಂದಿಲ್ಲ, ಒಂದು ನಕ್ಷೆ ಬೇಕು, ಇನ್ನೊಂದು ಇಲಾಖೆಯ ಅಭಿಪ್ರಾಯ ಬಾಕಿ. ಆಗ ಆ ಒಂದನ್ನು ಮಾತ್ರ ಹಿಡಿದು ಬೆನ್ನುಹತ್ತಬೇಕು. ಕೋರಿಕೆ ತಿರಸ್ಕರಿಸಿ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೊಟ್ಟಿದ್ದರೆ ಅದರಲ್ಲಿ ಕಾರಣ ಇರಲೇಬೇಕು. ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಪ್ರಕಾರ ಆಡಳಿತಾತ್ಮಕ ತೀರ್ಮಾನದ ಕಾರಣವನ್ನು ಬಾಧಿತರಿಗೆ ತಿಳಿಸುವುದು ಕಚೇರಿಯ ಕರ್ತವ್ಯ. 'ನಿಯಮದಲ್ಲಿ ಅವಕಾಶವಿಲ್ಲ' ಎಂದಷ್ಟೇ ಬರೆದಿದ್ದರೆ ಯಾವ ನಿಯಮ ಎಂದು ಲಿಖಿತವಾಗಿ ಕೇಳಿ. ಮುಂದೆ ಹೈಕೋರ್ಟಿಗೆ ಹೋಗಬೇಕಾಗಿ ಬಂದರೂ ನ್ಯಾಯಾಲಯ ಮೊದಲು ನೋಡುವುದು ನೀವು ಸಂಬಂಧಪಟ್ಟ ಅಧಿಕಾರಿಯನ್ನು ಕೇಳಿದ್ದಿರಾ, ಅವರು ಏನೆಂದರು ಎಂಬುದನ್ನು. ಮೊಹರು ಬಿದ್ದ ಆ ಹಾಳೆಯೇ ಅಲ್ಲಿ ಆಧಾರ.

ಅರವತ್ತು ದಿನದ ಕಿಟಕಿ

ನಾವು ಕೇಳದೆಯೇ ಸರ್ಕಾರ ನಮ್ಮನ್ನು ಕೇಳುವ ಸಂದರ್ಭವೂ ಇದೆ, ಮಲೆನಾಡಿನವರು ಅದನ್ನು ಚೆನ್ನಾಗಿ ಬಲ್ಲರು. ಕಸ್ತೂರಿರಂಗನ್ ವರದಿ ಆಧರಿಸಿದ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರ ಮಾರ್ಚ್‌ನಲ್ಲಿ ಮೊದಲು ಬಂತು. ಆಮೇಲೆ 2015, 2017, 2018, 2022, ಕೊನೆಗೆ 2024ರ ಜುಲೈ 31. ಆರು ರಾಜ್ಯಗಳ ಪೈಕಿ ಕರ್ನಾಟಕದ ಪಾಲೇ ಹೆಚ್ಚು, 20,668 ಚದರ ಕಿಲೋಮೀಟರ್. ಪ್ರತಿ ಬಾರಿಯೂ ಆಕ್ಷೇಪಣೆ, ಸಲಹೆಗಳಿಗೆ 60 ದಿನ. ರಾಜ್ಯ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ವರದಿಯನ್ನು ತಿರಸ್ಕರಿಸುವ ತೀರ್ಮಾನ ಮಾಡಿತು. ಆದರೆ ಅಧಿಸೂಚನೆ ಕೇಂದ್ರದ್ದು, ಆಕ್ಷೇಪಣೆ ಹೋಗಬೇಕಾದದ್ದು ಕೇಂದ್ರ ಪರಿಸರ ಸಚಿವಾಲಯಕ್ಕೆ.

ವಿರೋಧವಿರಲಿ, ಬೆಂಬಲವಿರಲಿ, ಈ ಕಿಟಕಿಯನ್ನು ನಮ್ಮ ಜನ ಬಳಸಿದ ರೀತಿಯಲ್ಲಿ ಒಂದು ಕೊರತೆ ಇದೆ. ಒಂದೇ ಒಕ್ಕಣೆಯನ್ನು ಅಚ್ಚು ಹಾಕಿಸಿ ಸಾವಿರಾರು ಸಹಿ ಮಾಡಿ ಕಳಿಸುತ್ತಾರೆ. ಆಕ್ಷೇಪಣೆಗಳನ್ನು ವಿಂಗಡಿಸುವವರು ಅಂಶವಾರು ವಿಂಗಡಿಸುತ್ತಾರೆ. ಒಂದೇ ಅಂಶದ ಸಾವಿರ ಕಾಗದ ಪಟ್ಟಿಯಲ್ಲಿ ಒಂದು ಸಾಲಾಗಿ ನಿಲ್ಲುತ್ತದೆ. ಅದರ ಬದಲು ಊರೂರಿನವರು ತಮ್ಮ ಊರಿನದನ್ನೇ ಬರೆದರೆ ಪ್ರತಿಯೊಂದಕ್ಕೂ ಪ್ರತ್ಯೇಕ ಉತ್ತರ ಬೇಕಾಗುತ್ತದೆ. ಅನುಬಂಧದ ಪಟ್ಟಿಯಲ್ಲಿ ನಿಮ್ಮ ಗ್ರಾಮದ ಹೆಸರು ಮತ್ತು ತಾಲ್ಲೂಕು ಸರಿಯಾಗಿದೆಯೆ? ಗ್ರಾಮದ ಒಟ್ಟು ವಿಸ್ತೀರ್ಣದಲ್ಲಿ ಅರಣ್ಯ ಎಷ್ಟು, ತೋಟ ಎಷ್ಟು, ಗದ್ದೆ ಎಷ್ಟು, ಆರ್‌ಟಿಸಿ (ಪಹಣಿ) ಪ್ರಕಾರ ಸರ್ವೆ ನಂಬರುಗಳು ಯಾವುವು? ಉಪಗ್ರಹ ಚಿತ್ರದಲ್ಲಿ ನೆರಳು ಮರಗಳ ಕಾಫಿ ತೋಟ ಕಾಡಿನ ಹಾಗೆ ಕಾಣುತ್ತದೆ ಎನ್ನುವುದು ಇಲ್ಲಿಯವರ ಮುಖ್ಯ ವಾದ. ಅದನ್ನು ಸರ್ವೆ ನಂಬರ್ ಮಟ್ಟದಲ್ಲಿ ತೋರಿಸಿದವರ ಆಕ್ಷೇಪಣೆಯನ್ನು ತಳ್ಳಿಹಾಕುವುದು ಕಷ್ಟ. ಹಾಗೆಯೇ ಗಣಿ, ಕಲ್ಲುಕ್ವಾರಿ ನಿಷೇಧ ಬೇಕು ಎನ್ನುವವರು ತಮ್ಮ ಹೊಳೆಯ ಹೆಸರು, ಕ್ವಾರಿಯ ಸರ್ವೆ ನಂಬರ್ ಬರೆದು ಕೊಡಬೇಕು. ಇನ್ನೊಂದು: ಹೊಸ ಕರಡು ಬಂದರೆ ಹಿಂದೆ ಕಳಿಸಿದ್ದು ಲೆಕ್ಕಕ್ಕಿದೆ ಎಂದು ಸುಮ್ಮನಿರಬೇಡಿ. ಹಳೆಯದರ ಪ್ರತಿ ಲಗತ್ತಿಸಿ ಮತ್ತೆ ಕಳಿಸಿ.

ಇದರ ಜೊತೆ ಗ್ರಾಮ ಸಭೆಯ ನಿರ್ಣಯ ಇದ್ದರೆ ಬಲ. ಗ್ರಾಮ ಸಭೆ ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಬೇಕು, ಅದಕ್ಕೂ ಮೊದಲು ವಾರ್ಡ್ ಸಭೆ. ವಿಷಯವನ್ನು ಮುಂಚಿತವಾಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಲಿಖಿತವಾಗಿ ಕೊಟ್ಟು ಸೂಚನಾ ಪತ್ರದ ವಿಷಯಪಟ್ಟಿಯಲ್ಲಿ ಸೇರಿಸಿ. ಕೊನೆಗೆ 'ಇತರೆ ವಿಷಯ' ಎಂದು ಎತ್ತಿದ ಮಾತು ನಡಾವಳಿಯಲ್ಲಿ ಅರ್ಧ ಸಾಲಾಗಿ ಮುಗಿಯುತ್ತದೆ. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಇತ್ತೆಂದು ಹಾಜರಾತಿಯಲ್ಲಿ ಕಾಣಬೇಕು. ನಿರ್ಣಯದ ಒಕ್ಕಣೆ ನೀವೇ ಬರೆದುಕೊಂಡು ಹೋಗಿ, ಸಭೆಯಲ್ಲಿ ಓದಿಸಿ, ಸಭೆ ಮುಗಿದ ವಾರದೊಳಗೆ ನಡಾವಳಿಯ ದೃಢೀಕೃತ ಪ್ರತಿ ಪಡೆಯಿರಿ.

ಗಣಿ, ಜಲವಿದ್ಯುತ್ ಮುಂತಾದ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಡಿ ನಡೆಯುವ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕಾ ಪ್ರಕಟಣೆ ಬರಬೇಕು, ಪೂರ್ತಿ ಕಲಾಪ ವಿಡಿಯೊ ಆಗಬೇಕು. ಅಲ್ಲಿ ಕೋರಂ ಎಂಬುದೇ ಇಲ್ಲ, ಯಾರೂ ಹೋಗದಿದ್ದರೂ ಸಭೆ ಸಿಂಧು. ಬಹಿಷ್ಕಾರ ಹಾಕಿ ಹೊರಗೆ ಘೋಷಣೆ ಕೂಗುವವರು ಒಳಗೆ ಲಿಖಿತ ಆಕ್ಷೇಪಣೆ ಕೊಟ್ಟೇ ಹೊರಬರಬೇಕು.

ಶಾಸಕರು, ಸಂಸದರು, ಬಜೆಟ್

ಶಾಸಕರ ಹತ್ತಿರ 'ಶಿಫಾರಸು ಪತ್ರ' ತೆಗೆದುಕೊಂಡು ಬರುವುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಹೆಚ್ಚು ಕೆಲಸ ಮಾಡುವುದು ಸದನದ ಪ್ರಶ್ನೆ. ಅಧಿವೇಶನಕ್ಕೆ ಕೆಲವು ವಾರ ಮೊದಲು ಒಂದು ಪುಟದಲ್ಲಿ ಅ, ಆ, ಇ ಎಂದು ಉಪಪ್ರಶ್ನೆ ಮಾಡಿ ಕರಡು ಕೊಡಿ: ಈ ದರ ನಿಗದಿಯಾದ ವರ್ಷ ಯಾವುದು, ಪರಿಷ್ಕರಣೆಯ ಪ್ರಸ್ತಾವ ಸರ್ಕಾರದ ಮುಂದಿದೆಯೆ, ಇದ್ದರೆ ಯಾವ ಹಂತದಲ್ಲಿದೆ? ಸಚಿವರ ಉತ್ತರ ಸದನದ ದಾಖಲೆ. ಅದನ್ನು ಮುಂದಿನ ಮನವಿಯ ಉಲ್ಲೇಖದಲ್ಲಿ ಹಾಕಬಹುದು. ನಿಮ್ಮ ಶಾಸಕರು ಆಸಕ್ತಿ ತೋರದಿದ್ದರೆ ವಿಧಾನ ಪರಿಷತ್ ಸದಸ್ಯರಿದ್ದಾರೆ. ಎರಡೂ ಜಿಲ್ಲೆಗಳಿಗೆ ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಸದಸ್ಯರಿದ್ದಾರೆ. ಪದವೀಧರ, ಶಿಕ್ಷಕರ ಕ್ಷೇತ್ರಗಳಲ್ಲಿ ಹಾಸನ ಜಿಲ್ಲೆ ದಕ್ಷಿಣ ಕ್ಷೇತ್ರಕ್ಕೂ ಚಿಕ್ಕಮಗಳೂರು ಜಿಲ್ಲೆ ನೈರುತ್ಯ ಕ್ಷೇತ್ರಕ್ಕೂ ಸೇರುತ್ತವೆ. ಸದನಕ್ಕೇ ಅರ್ಜಿ ಸಲ್ಲಿಸುವ ದಾರಿಯೂ ಇದೆ: ಸದನವನ್ನು ಉದ್ದೇಶಿಸಿ, ಸಂಯಮದ ಭಾಷೆಯಲ್ಲಿ, ಕೊನೆಗೆ ಸ್ಪಷ್ಟ ಪ್ರಾರ್ಥನೆಯೊಂದಿಗೆ ಬರೆದು, ಸದಸ್ಯರೊಬ್ಬರ ಮೇಲುಸಹಿಯೊಡನೆ ಮಂಡಿಸಿದರೆ ಅದು ಅರ್ಜಿಗಳ ಸಮಿತಿಗೆ ಹೋಗುತ್ತದೆ. ನ್ಯಾಯಾಲಯದಲ್ಲಿರುವ ವಿಷಯವನ್ನು ತೆಗೆದುಕೊಳ್ಳುವುದಿಲ್ಲ. ಸಮಿತಿ ಇಲಾಖೆಯ ಅಧಿಕಾರಿಗಳನ್ನು ಕರೆಸಿ ಕೇಳಬಲ್ಲದು. ಇಷ್ಟು ಬಲವಾದ ದಾರಿಯನ್ನು ನಮ್ಮ ಕಡೆ ಬಳಸುವುದು ತೀರಾ ಕಡಿಮೆ ಎನ್ನುವುದು ಬೇಸರದ ಸಂಗತಿ.

ಕೇಂದ್ರದ ವಿಷಯಕ್ಕೆ ಸಂಸದರು. ಕಡೂರಿನವರು ಇಲ್ಲಿ ಗಮನಿಸಬೇಕು: ತಾಲ್ಲೂಕು ಚಿಕ್ಕಮಗಳೂರು ಜಿಲ್ಲೆಯದಾದರೂ ವಿಧಾನಸಭಾ ಕ್ಷೇತ್ರ ಹಾಸನ ಲೋಕಸಭೆಗೆ ಸೇರಿದೆ. ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿ, ತರೀಕೆರೆ ಕ್ಷೇತ್ರಗಳು ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ. ಆದ್ದರಿಂದ ಕಡೂರು ಚಿಕ್ಕಮಗಳೂರು ರೈಲು ಮಾರ್ಗದ ಒಂದು ಬೇಡಿಕೆಗೆ ಇಬ್ಬರು ಸಂಸದರ ಪತ್ರ ಬೇಕಾಗಬಹುದು, ಜೊತೆಗೆ ನೈರುತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಪ್ರತಿ.

ಹಣ ಬೇಕಾದ ಬೇಡಿಕೆಗೆ ಕಾಲ ಮುಖ್ಯ. ರಾಜ್ಯ ಬಜೆಟ್ ಸಾಮಾನ್ಯವಾಗಿ ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ ಬರುತ್ತದೆ. ಇಲಾಖೆಗಳ ಪ್ರಸ್ತಾವಗಳು ಅದಕ್ಕೂ ತಿಂಗಳುಗಳ ಮೊದಲೇ ತಯಾರಾಗುತ್ತವೆ. ಫೆಬ್ರುವರಿಯಲ್ಲಿ ಕೊಟ್ಟ ಮನವಿ ಮುಂದಿನ ವರ್ಷಕ್ಕೆ ಕೊಟ್ಟ ಹಾಗೆ. ನವೆಂಬರ್‌ನೊಳಗೆ ಇಲಾಖೆಗೆ ತಲುಪಿಸಿ. ಪಂಚಾಯಿತಿ ಮಟ್ಟದ ಕೆಲಸಕ್ಕೆ ಅಕ್ಟೋಬರ್ 2ರಿಂದ ಶುರುವಾಗುವ ಜನಯೋಜನಾ ಅಭಿಯಾನದ ಗ್ರಾಮ ಸಭೆಗಳೇ ಸರಿಯಾದ ಸಮಯ. ಚುನಾವಣಾ ನೀತಿ ಸಂಹಿತೆ ಜಾರಿಯಲ್ಲಿದ್ದಾಗ ಹೊಸ ಘೋಷಣೆ ಬರುವುದಿಲ್ಲ, ಆದರೆ ಟಪಾಲು ತೆರೆದೇ ಇರುತ್ತದೆ. ಕೊಟ್ಟು ಸ್ವೀಕೃತಿ ಪಡೆಯಲು ಅಡ್ಡಿಯಿಲ್ಲ. ಜಿಲ್ಲೆಯಲ್ಲಿ ಉಸ್ತುವಾರಿ ಸಚಿವರ ಅಧ್ಯಕ್ಷತೆಯ ತ್ರೈಮಾಸಿಕ ಪ್ರಗತಿ ಪರಿಶೀಲನಾ (ಕೆಡಿಪಿ) ಸಭೆಗೆ ಎರಡು ವಾರ ಮೊದಲು ವಿಷಯವನ್ನು ಶಾಸಕರಿಗೆ ಒಂದು ಪುಟದಲ್ಲಿ ಕೊಡಿ. ಅಲ್ಲಿ ಎತ್ತಿದ ವಿಷಯಕ್ಕೆ ಮುಂದಿನ ಸಭೆಯಲ್ಲಿ ಅನುಪಾಲನಾ ವರದಿ ಇಡಬೇಕಾಗುತ್ತದೆ, ಹಾಗಾಗಿ ಅಧಿಕಾರಿಗಳು ಆ ವಿಷಯವನ್ನು ಮರೆಯುವಂತಿಲ್ಲ.

ಕೊನೆಗೆ ಆದೇಶ ಬಂತು ಎಂದುಕೊಳ್ಳಿ. ಪತ್ರಿಕೆಯ ಸುದ್ದಿಯನ್ನು ಕತ್ತರಿಸಿಟ್ಟುಕೊಂಡು ನಿಲ್ಲಿಸಬೇಡಿ. ಸರ್ಕಾರಿ ಆದೇಶದ ಪ್ರತಿ ತರಿಸಿ ನಾಲ್ಕು ಅಂಶ ನೋಡಿ: ಯಾವ ದಿನಾಂಕದಿಂದ ಜಾರಿ, ಬಾಕಿ ಇರುವ ಹಳೆಯ ಅರ್ಜಿಗಳಿಗೆ ಅನ್ವಯವಾಗುತ್ತದೆಯೆ, ವೆಚ್ಚದ ಲೆಕ್ಕ ಶೀರ್ಷಿಕೆ ನಮೂದಾಗಿದೆಯೆ, ಜಾರಿಯ ಹೊಣೆ ಯಾರದು. ಇಲಾಖಾ ಮುಖ್ಯಸ್ಥರ ಸುತ್ತೋಲೆ ಕೆಳಗಿಳಿಯುವವರೆಗೆ ವಲಯ ಕಚೇರಿಯಲ್ಲಿ ಹಳೆಯ ದರವೇ ನಡೆಯುತ್ತಿರುತ್ತದೆ. ಆದೇಶದ ಜೆರಾಕ್ಸ್ ಪ್ರತಿಗಳನ್ನು ಸಹಿ ಹಾಕಿದ ಪ್ರತಿ ಊರಿಗೂ ಒಂದರಂತೆ ಹಂಚಿ, ಒಂದು ಪ್ರತಿಯನ್ನು ವಲಯ ಕಚೇರಿಗೆ ಮುಖಪತ್ರದೊಡನೆ ಕೊಟ್ಟು, ಅದಕ್ಕೂ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.